ಹಣೆಯ ತೆರೆ, ಮುಚ್ಚಿದ ರೆಪ್ಪೆ

ಮುಖದ ಸುಕ್ಕು ಮಾಯವಾಗಲೆಂದು ವಿಷವನ್ನು ಚುಚ್ಚಿಸಿಕೊಳ್ಳುವವರಿದ್ದಾರೆ ಎಂಬ ಸುದ್ದಿಯನ್ನು ಓದಿದಾಗ ಸಾತ್ವಿಕ ಮನಸ್ಸಿನ ಸದ್ಭಕ್ತರು ಕಿರುನಗೆ ನಕ್ಕು ಪುಟ ತಿರುವುವುದು ಸಹಜ. ಅಳಿದುಹೋಗುವ ಕಾಯಕ್ಕೆ ಇಷ್ಟೊಂದು ಅಲಂಕಾರವೇಕೆ ಎಂಬ ಪ್ರಶ್ನೆ ಆ ನಗೆಯ ಹಿಂದಿರುತ್ತದೆ. ಪ್ರಶ್ನೆ ತಪ್ಪಲ್ಲ. ಆದರೆ ‘ಬೊಟಾಕ್ಸ್’ ಎಂಬ ಹೆಸರು ಕಿವಿಗೆ ಬಿದ್ದೊಡನೆ ತೀರ್ಪು ಕೊಟ್ಟುಬಿಡುವ ಅಭ್ಯಾಸದಲ್ಲಿ ಒಂದು ಅನ್ಯಾಯ ಅಡಗಿದೆ. ಅದೇ ಸೀಸೆಯ ಮದ್ದಿನಿಂದ ಮುಚ್ಚಿಹೋಗಿದ್ದ ಕಣ್ಣು ತೆರೆದವರಿದ್ದಾರೆ. ಒಂದೇ ಕಡೆಗೆ ತಿರುಚಿಕೊಂಡಿದ್ದ ಕತ್ತಿನ ನೋವು ಇಳಿದವರಿದ್ದಾರೆ. ತುದಿಗಾಲಲ್ಲೇ ನಡೆಯುತ್ತಿದ್ದ ಮಕ್ಕಳು ಹಿಮ್ಮಡಿಯನ್ನು ನೆಲಕ್ಕೆ ಊರಿದ್ದುಂಟು. ಇಂಥ ಮಗುವಿನ ತಂದೆತಾಯಿಗಳಿಗೆ ವೈದ್ಯರು ಈ ಮದ್ದನ್ನು ಸೂಚಿಸಿದಾಗ, ‘ಅದು ಸಿನಿಮಾ ತಾರೆಯರು ತೆಗೆದುಕೊಳ್ಳುವ ವಿಷವಲ್ಲವೇ’ ಎಂದು ಅವರು ಹಿಂಜರಿದರೆ, ಆ ಹಿಂಜರಿಕೆಯ ಬೆಲೆಯನ್ನು ತೆರಬೇಕಾದದ್ದು ಮಗು. ಆದ್ದರಿಂದ ಈ ಮದ್ದು ಎಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಸಾಗಿ ಬಂದಿತು ಎಂಬುದನ್ನು ಅರಿತು, ಅನಂತರ ನಗುವುದೋ ಬಿಡುವುದೋ ನಿರ್ಧರಿಸುವುದು ಲೇಸು.

ಇದರ ಕಥೆ ಆರಂಭವಾಗುವುದು ಇಂದಿನ ಜರ್ಮನಿಗೆ ಸೇರಿದ ವ್ಯೂರ್ಟೆಂಬೆರ್ಗ್ ಸೀಮೆಯಲ್ಲಿ. 1793ರಲ್ಲಿ ಅಲ್ಲಿಯ ವಿಲ್ಡ್‌ಬಾಡ್ ಎಂಬ ಊರಿನಲ್ಲಿ ಮಾಂಸ, ರಕ್ತಗಳನ್ನು ತುಂಬಿ ಮಾಡಿದ ಸಾಸೇಜ್ ಎಂಬ ಖಾದ್ಯವನ್ನು ತಿಂದ 13 ಜನ ಕಾಯಿಲೆ ಬಿದ್ದರು. ಅವರಲ್ಲಿ 6 ಜನ ಸತ್ತರು. ಯುದ್ಧದಿಂದ ಬಡತನ ಹೆಚ್ಚಿ ಅಡುಗೆಯ ಶುಚಿತ್ವ ಕೆಟ್ಟಿದ್ದ ಆ ಕಾಲದಲ್ಲಿ ಇಂಥ ಸಾವುಗಳು ಮರುಕಳಿಸುತ್ತಲೇ ಇದ್ದವು. ಅವುಗಳನ್ನು ಒಂದೊಂದಾಗಿ ದಾಖಲಿಸಿದವರು ಜಸ್ಟಿನಸ್ ಕೆರ್ನರ್ (1786–1862) ಎಂಬ ವೈದ್ಯರು. ಅವರು ತಮ್ಮ ಭಾಷೆಯ ಹೆಸರಾಂತ ಕವಿಗಳೂ ಹೌದು. 1820ರಲ್ಲಿ 76 ರೋಗಿಗಳ, 1822ರಲ್ಲಿ 155 ರೋಗಿಗಳ ವಿವರಗಳನ್ನು ಅವರು ಗ್ರಂಥರೂಪದಲ್ಲಿ ಪ್ರಕಟಿಸಿದರು. ರೆಪ್ಪೆ ಜೋಲುವುದು, ನುಂಗಲಾಗದಿರುವುದು, ಬಾಯಿ ಒಣಗುವುದು, ಕೈಕಾಲು ಸೋಲುವುದು, ಕೊನೆಗೆ ಉಸಿರೇ ನಿಲ್ಲುವುದು, ಅಷ್ಟಾದರೂ ಪ್ರಜ್ಞೆ ಮಾತ್ರ ಕಡೆಯವರೆಗೆ ಉಳಿಯುವುದು: ಅವರು ಬರೆದಿಟ್ಟ ಲಕ್ಷಣಗಳಿಗೆ ಇಂದಿನ ವೈದ್ಯಗ್ರಂಥಗಳು ಸೇರಿಸಬೇಕಾದದ್ದು ಬಹಳವಿಲ್ಲ.

ಕೆರ್ನರ್ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಕೆಟ್ಟ ಸಾಸೇಜಿನಿಂದ ತೆಗೆದ ಸಾರವನ್ನು ಪ್ರಾಣಿಗಳಿಗೆ ಕೊಟ್ಟು ನೋಡಿದರು. ಕಡೆಗೆ ಕೆಲವು ಹನಿಗಳನ್ನು ತಾವೇ ಸೇವಿಸಿದರು. ಆಮೇಲೆ ಅವರಿಗೆ ಹೊಳೆದ ವಿಚಾರವೇ ಈ ಇಡೀ ಚರಿತ್ರೆಯ ಮೂಲ. ಈ ವಿಷ ನರಗಳ ಚಾಲನೆಯನ್ನು ತಡೆಯುತ್ತದೆಯಾದರೆ, ನರಗಳು ಅತಿಯಾಗಿ ಕೆರಳಿ ಅಂಗಗಳು ತಾವಾಗಿಯೇ ಕುಣಿಯುವಂಥ ರೋಗಗಳಲ್ಲಿ ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಮದ್ದಾಗಿ ಬಳಸಬಹುದಲ್ಲವೇ ಎಂದು ಅವರು ಬರೆದರು. ಸೂಕ್ಷ್ಮಾಣುಗಳು ರೋಗ ತರುತ್ತವೆಂಬ ತಿಳಿವಳಿಕೆಯೇ ನೆಲೆಗೊಳ್ಳದಿದ್ದ ದಿನಗಳಲ್ಲಿ ಆಡಿದ ಮಾತಿದು. ಅದು ಕಾರ್ಯರೂಪಕ್ಕೆ ಬರಲು ಒಂದೂವರೆ ಶತಮಾನ ಹಿಡಿಯಿತು. ಲ್ಯಾಟಿನ್ ಭಾಷೆಯಲ್ಲಿ ಸಾಸೇಜಿಗೆ ‘ಬೊಟುಲಸ್’ ಎಂದು ಹೆಸರು. ರೋಗಕ್ಕೆ ಬಂದ ‘ಬೊಟುಲಿಸಂ’, ಇಂದಿನ ‘ಬೊಟಾಕ್ಸ್’ ಎರಡೂ ಅದರ ಸಂತಾನ. ಚೆಲುವಿನ ಹೆಸರಿನಲ್ಲಿ ಮಾರಾಟವಾಗುವ ವಸ್ತುವಿನ ಹೆಸರಿನೊಳಗೆ ಕೆಟ್ಟ ಮಾಂಸದ ನೆನಪು ಇನ್ನೂ ಉಳಿದಿರುವುದು ಭಾಷೆಯ ವಿನೋದ.

ರೋಗಕಾರಕವನ್ನು ಕಂಡುಹಿಡಿದವರು ಬೆಲ್ಜಿಯಂ ದೇಶದ ಪ್ರಾಧ್ಯಾಪಕ ಎಮಿಲ್ ವಾನ್ ಎರ್ಮೆಂಗೆಮ್. 1895ರ ಡಿಸೆಂಬರಿನಲ್ಲಿ ಅಲ್ಲಿಯ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಿ ಊಟಕ್ಕೆ ಕುಳಿತ 34 ಜನರ ಮೇಳ ಉಪ್ಪುಹಾಕಿದ ಹಂದಿಮಾಂಸವನ್ನು ತಿಂದಿತು. 3 ಜನ ಸತ್ತರು. ಆ ಮಾಂಸದಿಂದಲೂ ಸತ್ತವರ ದೇಹದಿಂದಲೂ ಅವರು ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಅದು ಗಾಳಿಯಾಡದೆಡೆಯಲ್ಲಿ ಮಾತ್ರ ಬೆಳೆದು ವಿಷವನ್ನು ಸ್ರವಿಸುತ್ತದೆಂದು 1897ರಲ್ಲಿ ಪ್ರಕಟಿಸಿದರು. ಇದು ಮಾಂಸಾಹಾರಿಗಳ ರೋಗವೆಂದು ಸಸ್ಯಾಹಾರಿ ಓದುಗರು ನಿಶ್ಚಿಂತರಾಗುವಂತಿಲ್ಲ. 1919ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಪಟ್ಟಣದ ಔತಣವೊಂದರಲ್ಲಿ 7 ಜನರನ್ನು ಕೊಂದದ್ದು ಮುಚ್ಚಿದ ಸೀಸೆಯಲ್ಲಿದ್ದ ಆಲಿವ್ ಕಾಯಿ. ಸರಿಯಾಗಿ ಕಾಯಿಸದೆ ಗಾಳಿ ಹೋಗದಂತೆ ಮುಚ್ಚಿಟ್ಟ ತರಕಾರಿಯಲ್ಲಿಯೂ ಈ ಜೀವಿ ಬೆಳೆಯಬಲ್ಲದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ವಿಷ ಸೈನ್ಯದ ಕೈಗೆ ಹೋಯಿತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕ್ಯಾಂಪ್ ಡೆಟ್ರಿಕ್ ಪ್ರಯೋಗಾಲಯದಲ್ಲಿ ಅದನ್ನು ಅಸ್ತ್ರವಾಗಿಸಬಹುದೇ, ಶತ್ರು ಪ್ರಯೋಗಿಸಿದರೆ ತಡೆಯಬಹುದೇ ಎಂಬ ಶೋಧನೆ ನಡೆಯಿತು. 1946ರ ವೇಳೆಗೆ ವಿಷದ ‘ಎ’ ಪ್ರಕಾರವನ್ನು ಶುದ್ಧ ಹರಳಿನ ರೂಪದಲ್ಲಿ ಪಡೆಯಲಾಯಿತು. ಕೊಲ್ಲುವುದಕ್ಕಾಗಿ ಅಳೆದ ಶುದ್ಧಿಯೇ ಮುಂದೆ ಗುಣಪಡಿಸುವುದಕ್ಕೆ ಬೇಕಾಯಿತು. ಶುದ್ಧವಿಲ್ಲದ ವಿಷವನ್ನು ಅಳೆದು ಕೊಡಲು ಬಾರದು. ಅಳತೆ ತಪ್ಪಿದರೆ ಅದು ಮದ್ದಾಗದು. ಆ ಪ್ರಯೋಗಾಲಯದಲ್ಲಿ ದುಡಿದ ಎಡ್ವರ್ಡ್ ಶಾಂಟ್ಸ್ ಅವರು 1972ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋದರು. 1979ರಲ್ಲಿ ಅವರು ಅಲ್ಲಿ ತಯಾರಿಸಿದ ಒಂದೇ ಒಂದು ಕಂತಿನ ವಿಷ 1997ರ ವರೆಗೂ ರೋಗಿಗಳಿಗೆ ಬಳಕೆಯಾಯಿತು. ಗ್ರಾಂ ಲೆಕ್ಕವಲ್ಲ, ಮಿಲಿಗ್ರಾಂ ಲೆಕ್ಕದ ದಾಸ್ತಾನು ಅದು.

ಅಷ್ಟು ಅಲ್ಪ ವಸ್ತು ಅಷ್ಟು ಕಾಲ ಹೇಗೆ ಸಾಕಾಯಿತು ಎಂದು ತಿಳಿಯಲು ಅದು ಕೆಲಸ ಮಾಡುವ ಬಗೆಯನ್ನು ನೋಡಬೇಕು. ಮನಸ್ಸು ಕೈಯನ್ನೆತ್ತಲು ಬಯಸಿದಾಗ ಆ ಆಜ್ಞೆ ನರದ ಮೂಲಕ ಸ್ನಾಯುವಿನ ಬಾಗಿಲಿಗೆ ಬರುತ್ತದೆ. ಅಲ್ಲಿ ನರದ ತುದಿಯಲ್ಲಿ ಅತಿ ಸೂಕ್ಷ್ಮವಾದ ಚೀಲಗಳಿದ್ದು, ಅವುಗಳೊಳಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವಿರುತ್ತದೆ. ಚೀಲ ಒಡೆದು ರಾಸಾಯನಿಕ ಹೊರಬಂದರೆ ಸ್ನಾಯು ಸಂಕುಚಿಸುತ್ತದೆ. ಬೊಟುಲಿನಂ ವಿಷ ನರದ ತುದಿಯೊಳಗೆ ಹೊಕ್ಕು, ಚೀಲವನ್ನು ಹೊರಮೈಗೆ ಬೆಸೆಯುವ ಒಂದು ಪ್ರೋಟೀನನ್ನು ಕತ್ತರಿಸಿಬಿಡುತ್ತದೆ. ಆಜ್ಞೆ ಬಂದರೂ ಬಾಗಿಲು ತೆರೆಯದು. ನರ ಸಾಯುವುದಿಲ್ಲ, ಸ್ನಾಯುವೂ ಸಾಯುವುದಿಲ್ಲ; ನಡುವಣ ಮಾತು ನಿಲ್ಲುತ್ತದೆ, ಅಷ್ಟೇ. ಮೂರು ನಾಲ್ಕು ತಿಂಗಳಲ್ಲಿ ನರ ತನ್ನ ವ್ಯವಸ್ಥೆಯನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಹುಬ್ಬುಗಳ ನಡುವಣ ಗೆರೆಗೆ ಐದು ಕಡೆ ಚುಚ್ಚುವ ಬೊಟಾಕ್ಸ್ ಒಟ್ಟು 20 ಯೂನಿಟ್. ಅದರಲ್ಲಿರುವ ಮೂಲದ್ರವ್ಯ ಸುಮಾರು ಒಂದು ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಹುಬ್ಬು ಗಂಟಿಕ್ಕುವ ಸ್ನಾಯುಗಳು ಸಡಿಲಾದರೆ ಮೇಲಿನ ಚರ್ಮ ಮಡಚಿಕೊಳ್ಳುವುದಿಲ್ಲ. ಚರ್ಮ ಎಳೆಯದಾಯಿತೆಂಬುದು ಬರಿಯ ತೋರಿಕೆ. ಬಿಸಿಲಿನಿಂದಲೂ ವಯಸ್ಸಿನಿಂದಲೂ ಚರ್ಮದಲ್ಲೇ ಆದ ಸವಕಳಿಗೆ ಇದು ಮದ್ದಲ್ಲ.

ಇದನ್ನು ಮೊದಲು ಮನುಷ್ಯರಿಗೆ ಮದ್ದಾಗಿ ಕೊಟ್ಟವರು ಚೆಲುವಿನ ವ್ಯಾಪಾರಿಗಳಲ್ಲ, ಸ್ಯಾನ್ ಫ್ರಾನ್ಸಿಸ್ಕೊ ನಗರದ ನೇತ್ರತಜ್ಞ ಆಲನ್ ಸ್ಕಾಟ್. ಮೆಳ್ಳೆಗಣ್ಣಿಗೆ ಶಸ್ತ್ರಕ್ರಿಯೆಯ ಬದಲು, ಕಣ್ಣನ್ನು ಅತಿಯಾಗಿ ಒಂದೆಡೆಗೆಳೆಯುವ ಸ್ನಾಯುವನ್ನು ಮದ್ದಿನಿಂದಲೇ ಸಡಿಲಿಸಬಹುದೇ ಎಂಬುದು ಅವರ ಹುಡುಕಾಟ. ಶಾಂಟ್ಸ್ ಅವರಿಂದ ಶುದ್ಧ ವಿಷವನ್ನು ಪಡೆದು ಮಂಗಗಳ ಮೇಲೆ ನಡೆಸಿದ ಪ್ರಯೋಗವನ್ನು 1973ರಲ್ಲಿ, ಮನುಷ್ಯರಲ್ಲಿ ಕಂಡ ಫಲವನ್ನು 1980ರಲ್ಲಿ ಪ್ರಕಟಿಸಿದರು. ಅಲ್ಲಿಂದ ಮದ್ದು ಬ್ಲೆಫರೋಸ್ಪಾಸಂ ಎಂಬ ವ್ಯಾಧಿಗೆ ಸಾಗಿತು. ಇದರಲ್ಲಿ ಕಣ್ಣಿನ ರೆಪ್ಪೆಗಳು ತಾವಾಗಿಯೇ ಬಿಗಿದು ಮುಚ್ಚಿಕೊಳ್ಳುತ್ತವೆ. ಕಣ್ಣು ಆರೋಗ್ಯವಾಗಿಯೇ ಇದ್ದರೂ ಮನುಷ್ಯ ಕುರುಡನಂತೆ ಬದುಕಬೇಕು. ರಸ್ತೆ ದಾಟಲಾರ, ಓದಲಾರ. ರೆಪ್ಪೆಯ ಸುತ್ತ ಕೆಲವು ಹನಿ ಮದ್ದು ಬಿದ್ದರೆ ಕೆಲವೇ ದಿನಗಳಲ್ಲಿ ಕಣ್ಣು ತೆರೆಯುತ್ತದೆ. ರೋಗಿಗಳು ವಿರಳವಾದ್ದರಿಂದ ದೊಡ್ಡ ಕಂಪನಿಗಳಿಗೆ ಇದರಲ್ಲಿ ಆಸಕ್ತಿಯಿರಲಿಲ್ಲ. ಸ್ಕಾಟ್ ಅವರು ‘ಆಕ್ಯುಲಿನಂ’ ಎಂಬ ಹೆಸರಿನಲ್ಲಿ ತಾವೇ ಅದನ್ನು ತಯಾರಿಸಿ ವೈದ್ಯರಿಗೆ ಒದಗಿಸುತ್ತಿದ್ದರು.

1986ರಲ್ಲಿ ಈ ಚಿಕ್ಕ ಸಂಸ್ಥೆಗೆ, ಮದ್ದಿನಿಂದ ಹಾನಿಯಾದರೆ ಪರಿಹಾರ ತುಂಬುವ ವಿಮೆ ದೊರೆಯದೆ ಹೋಯಿತು. ವಿಮೆಯಿಲ್ಲದೆ ಮದ್ದು ಹಂಚುವಂತಿರಲಿಲ್ಲ. ಸುಮಾರು ನಾಲ್ಕು ತಿಂಗಳು ಅಮೆರಿಕದಲ್ಲಿ ಪೂರೈಕೆ ನಿಂತಿತು. ಬೆಳಕು ಕಂಡಿದ್ದ ರೋಗಿಗಳ ರೆಪ್ಪೆಗಳು ಹಿಂದಿನಂತೆ ಬಿಗಿಯತೊಡಗಿದವು. ಶಕ್ತಿಯಿದ್ದವರು ಗಡಿ ದಾಟಿ ಕೆನಡಾ ದೇಶದ ಕಣ್ಣಿನ ಆಸ್ಪತ್ರೆಗಳಿಗೆ ಹೋದರು. ಸುಕ್ಕಿನ ಚುಚ್ಚುಮದ್ದನ್ನು ಕುರಿತ ಹರಟೆಗಳಲ್ಲಿ ಈ ನಾಲ್ಕು ತಿಂಗಳ ಪ್ರಸ್ತಾಪ ಬರುವುದೇ ಇಲ್ಲ. ಮದ್ದೊಂದು ಭೋಗವೋ ಅಗತ್ಯವೋ ಎಂಬುದನ್ನು ಅದು ಇಲ್ಲದಾದಾಗ ಯಾರು ಏನನ್ನು ಕಳೆದುಕೊಂಡರು ಎಂಬುದರಿಂದ ಅಳೆಯಬೇಕಲ್ಲವೇ? 1989ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮೆಳ್ಳೆಗಣ್ಣಿಗೂ ರೆಪ್ಪೆಯ ಬಿಗಿತಕ್ಕೂ ಈ ಮದ್ದನ್ನು ಅಂಗೀಕರಿಸಿತು. ಅನಂತರ ಅಲರ್ಗನ್ ಕಂಪನಿ ಅದನ್ನು ಕೊಂಡು ‘ಬೊಟಾಕ್ಸ್’ ಎಂದು ಹೆಸರಿಟ್ಟಿತು.

ಹಣೆಯ ಗೆರೆಯ ಅಧ್ಯಾಯ ತೆರೆದದ್ದು ಅದೇ ಕೆನಡಾದಲ್ಲಿ, ವ್ಯಾಂಕೂವರ್ ನಗರದಲ್ಲಿ. ಜೀನ್ ಕರುದರ್ಸ್ ಎಂಬ ನೇತ್ರತಜ್ಞೆ ಸ್ಕಾಟ್ ಅವರ ವಿಧಾನವನ್ನು ಹತ್ತಿರದಿಂದ ಬಲ್ಲವರು. 1987ರಲ್ಲಿ ರೆಪ್ಪೆಯ ಬಿಗಿತಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆಯೊಬ್ಬರು, ಹುಬ್ಬಿನ ನಡುವೆ ಈ ಸಲ ಏಕೆ ಚುಚ್ಚಲಿಲ್ಲವೆಂದು ಆಕ್ಷೇಪಿಸಿದರು. ಅಲ್ಲಿ ಬಿಗಿತವಿಲ್ಲವಲ್ಲ ಎಂದು ವೈದ್ಯೆ ಹೇಳಲು, ಅಲ್ಲಿ ಚುಚ್ಚಿದಾಗಲೆಲ್ಲ ತಮ್ಮ ಮುಖ ಚಿಂತೆಯಿಲ್ಲದವರ ಮುಖದಂತೆ ಕಾಣುತ್ತಿತ್ತೆಂದು ಆಕೆ ಉತ್ತರಿಸಿದರು. ಜೀನ್ ಅವರ ಪತಿ ಆಲಸ್ಟೇರ್ ಚರ್ಮವೈದ್ಯರು. ಹುಬ್ಬುಗಂಟಿನ ಗೆರೆಗೆ ಒಳ್ಳೆಯ ಉಪಾಯ ಸಿಗದೆ ಬೇಸತ್ತವರು. ದಂಪತಿಗಳು ಸೇರಿ 18 ರೋಗಿಗಳಲ್ಲಿ ಕಂಡ ಫಲವನ್ನು 1992ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲೇ, 1989ರಲ್ಲಿ, ಕ್ಯಾಲಿಫೋರ್ನಿಯಾದ ರಿಚರ್ಡ್ ಕ್ಲಾರ್ಕ್ ಎಂಬ ಶಸ್ತ್ರವೈದ್ಯರು ಮುಖದ ನರವೊಂದು ಸೋತು ಎರಡು ಪಾರ್ಶ್ವಗಳು ಬೇರೆಬೇರೆಯಾಗಿ ಕಾಣುತ್ತಿದ್ದ ಮುಖವನ್ನು ಇದೇ ಮದ್ದಿನಿಂದ ಸಮಗೊಳಿಸಿದ್ದನ್ನು ವರದಿ ಮಾಡಿದ್ದರು. ಇಲ್ಲಿ ಅಲಂಕಾರ ಎಲ್ಲಿ ಮೊದಲಾಯಿತು, ಚಿಕಿತ್ಸೆ ಎಲ್ಲಿ ಮುಗಿಯಿತು ಎಂದು ಗೆರೆ ಎಳೆಯುವುದು ಸುಲಭವಲ್ಲ. 2001ರಲ್ಲಿ ಕೆನಡಾ, 2002ರ ಏಪ್ರಿಲ್‌ನಲ್ಲಿ ಅಮೆರಿಕ ಹುಬ್ಬುಗಂಟಿನ ಗೆರೆಗೆ ಈ ಮದ್ದನ್ನು ಅಧಿಕೃತವಾಗಿ ಒಪ್ಪಿದವು. ಅನಂತರದ ಪ್ರಚಾರದ ಅಬ್ಬರ ಎಲ್ಲರಿಗೂ ತಿಳಿದದ್ದೇ. ಇಂದು ಬೆಂಗಳೂರಿನ ಚರ್ಮಚಿಕಿತ್ಸಾಲಯಗಳ ಫಲಕಗಳಲ್ಲಿಯೂ ಆ ಹೆಸರಿದೆ.

ಆದರೆ ವೈದ್ಯಕೀಯ ಬಳಕೆ ಅಷ್ಟರಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಕತ್ತಿನ ತಿರುಚುವಿಕೆಗೆ 2000ದಲ್ಲಿ, ಕಂಕುಳಲ್ಲಿ ಧಾರಾಕಾರ ಬೆವರು ಸುರಿಯುವ ತೊಂದರೆಗೆ 2004ರಲ್ಲಿ, ದೀರ್ಘಕಾಲದ ಮೈಗ್ರೇನ್ ತಲೆನೋವಿಗೆ 2010ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ಅಲರ್ಗನ್ ಕಂಪನಿ 2020ರಲ್ಲಿ ಆಬ್‌ವೀ ಎಂಬ ಸಂಸ್ಥೆಯ ವಶವಾಯಿತು. 2023ರಲ್ಲಿ ಆ ಸಂಸ್ಥೆ ಬೊಟಾಕ್ಸಿನ ಸೌಂದರ್ಯ ಬಳಕೆಯಿಂದ ಗಳಿಸಿದ್ದು ಸುಮಾರು 270 ಕೋಟಿ ಡಾಲರ್. ರೋಗಚಿಕಿತ್ಸೆಯಿಂದ ಗಳಿಸಿದ್ದು ಸುಮಾರು 300 ಕೋಟಿ ಡಾಲರ್. ಸುಕ್ಕಿನ ಮದ್ದೆಂದು ಲೋಕ ಹಾಸ್ಯ ಮಾಡುವ ವಸ್ತುವಿಗೆ ಹೆಚ್ಚಿನ ಹಣ ಬರುತ್ತಿರುವುದು ರೋಗಿಗಳಿಂದ. ಹೆಸರು ಒಂದರದ್ದು, ಹೊರೆ ಇನ್ನೊಂದರದ್ದು.

ಹಾಗಾದರೆ ಸುಕ್ಕಿನ ಚುಚ್ಚುಮದ್ದಿನ ಬಗ್ಗೆ ಹೇಳಬೇಕಾದದ್ದು ಏನೂ ಇಲ್ಲವೇ? ಇದೆ. ಅದು ಸಾಮಾನ್ಯವಾಗಿ ಹೇಳುವ ಮಾತಲ್ಲ ಎಂಬುದಷ್ಟೇ ವ್ಯತ್ಯಾಸ.

ಹಳೆಯ ಕನ್ನಡದಲ್ಲಿ ಸುಕ್ಕಿಗೆ ‘ತೆರೆ’ ಎಂಬ ಪದವಿದೆ. ಅಲೆಗೂ ಪರದೆಗೂ ಅದೇ ಪದ. ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಹೆಸರಿಸುವ ಬಸವಣ್ಣನವರ ಪ್ರಸಿದ್ಧ ವಚನದಲ್ಲಿ ಈ ತೆರೆಯೂ ಬರುತ್ತದೆ. ಅಲ್ಲಿ ಮುಖದ ತೆರೆ ನಾಚಿಕೆಯ ವಿಷಯವಲ್ಲ, ರೋಗವೂ ಅಲ್ಲ. ಕಾಲ ಸರಿಯುತ್ತಿದೆ, ಮಾಡಬೇಕಾದ ಪೂಜೆಯನ್ನು ಈಗಲೇ ಮಾಡು ಎಂದು ಎಚ್ಚರಿಸುವ ಸೂಚನೆ. ವ್ಯಾಪಾರಿ ಪ್ರಚಾರದ ತಪ್ಪು ಇಲ್ಲಿದೆ. ಹುಬ್ಬಿನ ಗೆರೆಯನ್ನು ಅದು ಮೊದಲು ‘ಸಮಸ್ಯೆ’ ಎಂದಿತು, ಆಮೇಲೆ ‘ಚಿಕಿತ್ಸೆ’ಯನ್ನು ಮಾರಿತು. ಮೂವತ್ತರ ಹರೆಯದವರು ಇನ್ನೂ ಮೂಡದ ಗೆರೆಯನ್ನು ತಡೆಯಲೆಂದು ಮೂರು ನಾಲ್ಕು ತಿಂಗಳಿಗೊಮ್ಮೆ ಸೂಜಿಗೆ ಮುಖವೊಡ್ಡುವಂತಾದದ್ದು ಆ ಒಂದು ಪದದ ಬಲದಿಂದ. ಚುಚ್ಚಿಸಿಕೊಂಡವರನ್ನು ಹಂಗಿಸುವುದರಲ್ಲಿ ಧರ್ಮವಿಲ್ಲ. ನೌಕರಿ, ಮದುವೆ, ನೆರೆಹೊರೆಯವರ ಕಣ್ಣು ಹೆಣ್ಣಿನ ಮುಖದಿಂದ ಏನನ್ನು ಬೇಡುತ್ತಿವೆ ಎಂಬುದನ್ನು ನೋಡದೆ ಆಕೆಯ ಒಳಮನಸ್ಸನ್ನು ತೂಗಲಾಗದು. ತಲೆಗೂದಲಿಗೆ ಕಪ್ಪು ಹಚ್ಚುವ ಹಿರಿಯರನ್ನು ಯಾರೂ ವಿಚಾರಣೆಗೆ ಗುರಿಮಾಡುವುದಿಲ್ಲವಷ್ಟೇ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಇಲಿಗಳದ್ದು. ಈ ಮದ್ದಿನ ಅಳತೆಯ ‘ಯೂನಿಟ್’ ಎಂದರೆ, ಪ್ರಯೋಗಕ್ಕಿಟ್ಟ ಇಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ. ವಿಷದ ಬಲ ಕಂತಿನಿಂದ ಕಂತಿಗೆ ಬದಲಾಗುವುದರಿಂದ ಪ್ರತಿಯೊಂದು ಕಂತನ್ನೂ ಹೀಗೆ ಪರೀಕ್ಷಿಸಬೇಕಾಗಿತ್ತು. ಇಲಿಯ ಸಾವು ಸುಲಭದ್ದಲ್ಲ. ಕೆರ್ನರ್ ಅವರ ರೋಗಿಗಳಂತೆ ಉಸಿರು ಕಟ್ಟಿ ಸಾಯುತ್ತದೆ. ಕಣ್ಣು ತೆರೆಯದವನಿಗಾಗಿ ಈ ಹಿಂಸೆಯನ್ನು ಭಾರವಾದ ಮನಸ್ಸಿನಿಂದ ಸಹಿಸಿಕೊಳ್ಳಬಹುದೇನೋ. ಹಣೆಯ ಗೆರೆಗಾಗಿ? ಜೀವದಯೆಯನ್ನು ಮೊದಲ ಮಾತೆಂದು ನಂಬಿದವರು ಕೇಳಬೇಕಾದ ಪ್ರಶ್ನೆ ಇದು. ಕಾಯದ ಮೋಹ ಕುರಿತ ನಗೆಯಲ್ಲಿ ಇದು ಮುಚ್ಚಿಹೋಗಿದೆ. 2011ರಲ್ಲಿ, ಇಲಿಯ ಬದಲು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಮದ್ದಿನ ಬಲವನ್ನು ಅಳೆಯುವ ಅಲರ್ಗನ್ ಕಂಪನಿಯ ವಿಧಾನವನ್ನು ಅಮೆರಿಕದ ನಿಯಂತ್ರಣ ಸಂಸ್ಥೆ ಒಪ್ಪಿತು. ಬೇರೆ ಕೆಲವು ತಯಾರಕರೂ ಅಂಥ ವಿಧಾನಗಳತ್ತ ಸರಿದರು. ಚುಚ್ಚಿಸಿಕೊಳ್ಳುವವರು ‘ಇದನ್ನು ಯಾವುದರ ಮೇಲೆ ಅಳೆದಿದ್ದೀರಿ’ ಎಂದು ಕೇಳತೊಡಗಿದರೆ ಉಳಿದವರೂ ಸರಿಯಬೇಕಾದೀತು.

ಸುರಕ್ಷತೆಯ ಮಾತೂ ಇದೆ. ತಿಳಿದ ವೈದ್ಯರ ಕೈಯಲ್ಲಿ ಸರಿಯಾದ ಪ್ರಮಾಣದ ಮದ್ದಿನಿಂದ ಸಾಮಾನ್ಯವಾಗಿ ಆಗುವುದು ತಾತ್ಕಾಲಿಕ ತೊಂದರೆ: ರೆಪ್ಪೆ ಕೊಂಚ ಜೋಲುವುದು, ತಲೆ ನೋಯುವುದು. ಹಾಗೆಂದು ಚಿಕಿತ್ಸೆಯ ಬಳಕೆ ಪೂರ್ತಿ ನಿರಪಾಯವೆಂದೂ ಹೇಳುವಂತಿಲ್ಲ. ಮದ್ದು ಚುಚ್ಚಿದೆಡೆಯಿಂದ ಬೇರೆಡೆಗೆ ಹರಡಿ ನುಂಗುವಿಕೆ, ಉಸಿರಾಟಗಳಿಗೆ ತೊಡಕಾಗಬಹುದೆಂಬ ಕಟುವಾದ ಎಚ್ಚರಿಕೆಯನ್ನು 2009ರಲ್ಲಿ ಅಮೆರಿಕದಲ್ಲಿ ಕಡ್ಡಾಯ ಮಾಡಲಾಯಿತು. ಅದಕ್ಕೆ ಕಾರಣವಾದ ಗಂಭೀರ ವರದಿಗಳಲ್ಲಿ ಹೆಚ್ಚಿನವು ಕೈಕಾಲು ಬಿಗಿತಕ್ಕೆ ಮದ್ದು ಪಡೆದ ಮಕ್ಕಳವು. ಇನ್ನು ಮಾನವ ಬಳಕೆಗೆ ಅನುಮತಿಯೇ ಇಲ್ಲದ, ಸಂಶೋಧನೆಗೆಂದು ಮಾರಿದ ತೀವ್ರ ವಿಷವನ್ನು 2004ರಲ್ಲಿ ಫ್ಲೋರಿಡಾದಲ್ಲಿ ಸುಕ್ಕಿಗೆ ಚುಚ್ಚಿದ್ದರಿಂದ 4 ಜನ ಉಸಿರಾಟದ ಯಂತ್ರದ ಆಸರೆಯಲ್ಲಿ ಮಲಗಬೇಕಾಯಿತು. 2024ರಲ್ಲಿಯೂ ನಕಲಿ ಮದ್ದಿನಿಂದಲೋ ಪರಿಣತರಲ್ಲದವರ ಕೈಯ ಚುಚ್ಚುವಿಕೆಯಿಂದಲೋ ಅಮೆರಿಕದ 11 ರಾಜ್ಯಗಳಲ್ಲಿ 22 ಜನ ತೊಂದರೆಗೊಳಗಾದುದನ್ನು ಅಲ್ಲಿಯ ಆರೋಗ್ಯ ಇಲಾಖೆ ಏಪ್ರಿಲ್ ತಿಂಗಳಲ್ಲಿ ತಿಳಿಸಿತು. ಅಗ್ಗದ ದರಕ್ಕೆ ಬ್ಯೂಟಿ ಪಾರ್ಲರಿನಲ್ಲಿ ದೊರೆಯುವ ಸೂಜಿಯನ್ನು ದೂರವಿಡಲು ಇಷ್ಟು ಕಾರಣ ಸಾಕು.

ಮರಳಿ ಆ ತುದಿಗಾಲಿನ ಮಗುವಿನ ಮಾತಿಗೆ ಬಂದರೆ, ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳ ಮೀನಖಂಡದ ಬಿಗಿತಕ್ಕೆ ಈ ಮದ್ದನ್ನು ಬಳಸಿದ ಅನುಭವವನ್ನು 1993ರಲ್ಲೇ ಆಂಡ್ರ್ಯೂ ಕೋಮನ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ್ದರು. ಮಕ್ಕಳ ಕೈಕಾಲುಗಳ ಬಿಗಿತಕ್ಕೆ ಬೊಟಾಕ್ಸ್ ಬಳಸಲು ಅಮೆರಿಕದ ಅನುಮತಿ ದೊರೆತದ್ದು 2019ರಲ್ಲಿ. ಮದ್ದು ಮೆದುಳಿನ ಹಾನಿಯನ್ನು ಸರಿಪಡಿಸದು. ಕೆಲವು ತಿಂಗಳ ಮಟ್ಟಿಗೆ ಸ್ನಾಯುವನ್ನು ಸಡಿಲಗೊಳಿಸಿ, ಕಾಲನ್ನು ನೀವಿ ಚಾಚಿಸುವ ವ್ಯಾಯಾಮಕ್ಕೂ ಪಾದಕ್ಕೆ ಕಟ್ಟುವ ಆಸರೆಗೂ ಅವಕಾಶ ಮಾಡಿಕೊಡುತ್ತದೆ. ಆ ತಿಂಗಳುಗಳಲ್ಲಿ ಮನೆಯವರು ದಿನವೂ ಮಗುವಿನ ಕಾಲು ಹಿಡಿದು ಕೂರದಿದ್ದರೆ ಚುಚ್ಚಿಸಿದ್ದರಿಂದ ಹೆಚ್ಚಿನ ಪ್ರಯೋಜನವಾಗದು. ಮದ್ದನ್ನು ಸೂಚಿಸಿದ ವೈದ್ಯರನ್ನು ತಂದೆತಾಯಿಗಳು ಪ್ರಮಾಣವೆಷ್ಟು, ಮಗುವಿನ ತೂಕಕ್ಕೆ ಅದು ಹೊಂದುತ್ತದೆಯೇ, ನುಂಗಲು ಕಷ್ಟವಾದರೆ ಯಾರನ್ನು ಕಾಣಬೇಕು, ವ್ಯಾಯಾಮ ಕಲಿಸುವವರು ಯಾರು ಎಂದು ಕೇಳಬೇಕು. ಸಿನಿಮಾ ತಾರೆಯರ ವಿಷಯ ಅಲ್ಲಿ ಎತ್ತಬೇಕಾಗಿಲ್ಲ.